ಹಳ್ಳದ ಓಣಿಯ ನೀರಿನ ಗೆರೆ

ಮಸ್ಕಿಯ ಗುಡ್ಡದಲ್ಲಿ ಬಹಳ ಹಿಂದಿನ ರಾಜನೊಬ್ಬ ಬರೆಸಿದ ಕಲ್ಲು ಇದೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ, ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣಿ ಮಿರ್ಚಿ ತಿಂದು ಹೋಗುತ್ತಾರೆ. ಹೋಗುವಾಗ ಹಳ್ಳದ ದಂಡೆಯ ನಮ್ಮ ಓಣಿಯನ್ನು ಮೂಗಿಗೆ ಕರ್ಚೀಪು ಹಿಡಿದುಕೊಂಡು ದಾಟುತ್ತಾರೆ. ಊರಿನಲ್ಲಿ ಮೊದಲು ಹುಟ್ಟಿದ ಓಣಿ ನಮ್ಮದು, ಉಳಿದ ಊರೆಲ್ಲ ಆಮೇಲೆ ಬಂದು ಅಂಟಿಕೊಂಡದ್ದು ಎಂದು ನಮ್ಮವರು ಎದೆ ತಟ್ಟಿ ಹೇಳುತ್ತಾರೆ. ಆದರೆ ಕಲ್ಲಿಗೆ ಬೋರ್ಡು ಇದೆ, ಬೇಲಿ ಇದೆ, ನಮ್ಮ ಓಣಿಗೆ ಒಂದು ಹೆಸರಿನ ಹಲಗೆಯೂ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ನಮ್ಮ ಓಣಿಯ ಇತಿಹಾಸ ಇರುವುದು ಗೋಡೆಗಳ ಮೇಲೆ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಹುರಮಂಜಿನಿಂದ, ಅಂದರೆ ಕೆಂಪು ಮಣ್ಣಿನ ಬಣ್ಣದಿಂದ, ಎಳೆದ ಒಂದು ಅಡ್ಡ ಗೆರೆ ಇರುತ್ತದೆ. ನಾನು ಹುಟ್ಟುವ ಮುಂಚಿನ ಒಂದು ಮಳೆಗಾಲದಲ್ಲಿ ಹಳ್ಳ ತುಂಬಿ ಓಣಿಯೊಳಗೆ ನುಗ್ಗಿತ್ತಂತೆ. ಆ ದಿನ ಯಾವ ಮನೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಆ ಗೆರೆ ಸಾಕ್ಷಿ. ಈಗಿನ ಹಳ್ಳ ನೋಡಿದವರು ಇದನ್ನು ನಂಬುವುದಿಲ್ಲ. ಜಾಲಿ ಬೆಳೆದಿದೆ, ಹಂದಿಗಳು ಮಲಗಿರುತ್ತವೆ, ವರ್ಷದ ಬಹಳ ತಿಂಗಳು ಕಾಲು ತೊಳೆಯುವಷ್ಟು ನೀರೂ ಸಿಗುವುದಿಲ್ಲ. ಆದರೂ ಓಣಿಯ ಹೆಂಗಸರು ಹಳ್ಳದ ಮಾತು ಬಂದರೆ ಒಳಕೋಣೆಯಲ್ಲಿ ಕೂತ ಸಿಡುಕಿನ ಅತ್ತೆಯ ಬಗ್ಗೆ ಮಾತಾಡುವ ಹಾಗೆ ದನಿ ತಗ್ಗಿಸುತ್ತಾರೆ.

ಪ್ರತಿ ವರ್ಷ ಮಹಾನವಮಿಗೆ ಮುಂಚೆ ಮನೆಗಳಿಗೆ ಸುಣ್ಣ ಹಚ್ಚುತ್ತಾರೆ. ಗೆರೆ ಸುಣ್ಣದೊಳಗೆ ಮುಚ್ಚಿಹೋಗುತ್ತದೆ. ಸುಣ್ಣ ಆರಿದ ಮೇಲೆ ಮನೆಯ ಹಿರಿಯ ಹೆಂಗಸು ಹುರಮಂಜು ಕಲಸಿ ಗೆರೆಯನ್ನು ನೆನಪಿನಿಂದ ಮತ್ತೆ ಎಳೆಯುತ್ತಾಳೆ. ನೆನಪಿನಿಂದ ಅಂದೆನಲ್ಲ, ಎಲ್ಲ ಅವಾಂತರ ಹುಟ್ಟಿದ್ದು ಅಲ್ಲಿಯೇ. ತನ್ನ ಮನೆಗೆ ಬಂದ ನೀರನ್ನು ಯಾವ ಹೆಂಗಸು ಕಡಿಮೆ ಮಾಡಿ ನೆನೆಸಿಕೊಂಡಾಳು? ವರ್ಷಕ್ಕೆ ಒಂದು ಬೆರಳು, ಎರಡು ಬೆರಳು ಎಂದು ಗೆರೆಗಳು ಏರುತ್ತ ಹೋದವು. ಹಳ್ಳ ಅತ್ತ ಒಣಗುತ್ತ ಬಂತು, ಇತ್ತ ಗೋಡೆಯ ಮೇಲೆ ಪ್ರವಾಹ ಏರುತ್ತಲೇ ಇತ್ತು.

ಎತ್ತರದ ಗೆರೆ ಅಂದರೆ ಹಳೆಯ ಮನೆತನ. ನಮ್ಮ ದೊಡ್ಡಪ್ಪನ ಮಗನಿಗೆ ಹೆಣ್ಣು ಕೊಡಲು ಸಂತೆಕಲ್ಲೂರಿನಿಂದ ಬಂದಿದ್ದ ಹಿರಿಯರು ಹೊಲ ಕೇಳಲಿಲ್ಲ, ಹುಡುಗನ ಓದು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಕತ್ತೆತ್ತಿ ಗೆರೆ ನೋಡಿದರು. "ಭಾಳ ನೀರು ಕಂಡ ಮನಿ ಬಿಡ್ರಿ ಇದು," ಎಂದು ಅಲ್ಲಿಯೇ ಒಪ್ಪಿಕೊಂಡರು. ಕಿರಾಣಿ ಅಂಗಡಿಯವನಿಗೆ ರಸ್ತೆಯ ಕಡೆ ಗೋಡೆಯೇ ಇಲ್ಲ, ಆದ್ದರಿಂದ ಅವನು ಷಟರ್ ಮೇಲೆ ಗೆರೆ ಎಳೆದಿದ್ದ. ಬೆಳಿಗ್ಗೆ ಷಟರ್ ಎತ್ತಿದರೆ ನೀರು ಸರ್ರನೆ ಮೇಲೇರಿ ಸುರುಳಿಯೊಳಗೆ ಹೋಗಿಬಿಡುತ್ತಿತ್ತು. ಕಾಲುವೆ ಕಡೆಯ ವಲಸೆ ರೈತರ ಕ್ಯಾಂಪಿನಿಂದ ಬಂದು ಬಾಡಿಗೆಗೆ ಇದ್ದ ಆಂಧ್ರದವರು ಕೂಡ ಬಂದ ವರ್ಷವೇ ಒಂದು ಗೆರೆ ಎಳೆದರು. ನೀವು ಆಗ ಇಲ್ಲಿ ಇರಲೇ ಇಲ್ಲವಲ್ಲ ಎಂದು ನಾನು ಕೇಳಿದರೆ, "ಇದ್ದಿದ್ರ ನಮ್ಮನಿಗೂ ಬರ್ತಿತ್ತು ಕದಂಡಿ, ಅಲ್ಲೇನ್ರಿ," ಅಂದರು.

ಓಣಿಯಲ್ಲಿ ಎಲ್ಲರಿಗಿಂತ ಎತ್ತರದ ಗೆರೆ ನಮ್ಮ ದೊಡ್ಡವ್ವನದು. ನಮ್ಮಪ್ಪನ ಅಣ್ಣನ ಹೆಂಡತಿ ಅವಳು, ಈಗ ಎಂಬತ್ತರ ಆಸುಪಾಸು. ಮಗ ಸೊಸೆ ಮೊಮ್ಮಕ್ಕಳು ತುಂಬಿದ ಮನೆ, ಮಗನದು ಹಿಟ್ಟಿನ ಗಿರಣಿ. ಅವಳ ಗೆರೆ ಬಾಗಿಲ ತೊಲೆಗೆ ಹತ್ತಿಕೊಂಡೇ ಇತ್ತು. ಸುಣ್ಣ ಆರಿದ ದಿನ ಅವಳು ಸ್ಟೂಲು ಹತ್ತುತ್ತಿದ್ದಳು, ಸೊಸೆ ಸ್ಟೂಲು ಹಿಡಿದುಕೊಂಡು, "ಬಿದ್ದು ಸೊಂಟ ಮುರಕೊಂಡ್ರ ನಾ ನೋಡಂಗಿಲ್ಲ ನೋಡ್ರಿ," ಎಂದು ಗೊಣಗುತ್ತಿದ್ದಳು. ಎದುರುಮನೆಯಲ್ಲಿ ದೊಡ್ಡವ್ವನಿಗಿಂತ ಸ್ವಲ್ಪ ಚಿಕ್ಕವಳು ಒಬ್ಬಳು ಇದ್ದಾಳೆ. ಸಂಬಂಧಿ ಅಲ್ಲ, ಆದರೆ ಓಣಿಯ ರೂಢಿಯಂತೆ ನಾನು ಅವಳನ್ನು ಅತ್ತಿ ಎನ್ನುತ್ತೇನೆ. ಈ ಅತ್ತಿಗೂ ದೊಡ್ಡವ್ವನಿಗೂ ನಳದ ನೀರಿಗೆ, ಕೋಳಿಗೆ, ಕಸಕ್ಕೆ, ಕಡೆಗೆ ಕೆಮ್ಮಿದ್ದಕ್ಕೂ ಜಗಳ. ಗೆರೆಯ ದಿನ ಮಾತ್ರ ಅತ್ತಿ ಬಾಯಿ ಬಿಡುತ್ತಿರಲಿಲ್ಲ. ದೊಡ್ಡವ್ವ ಎಳೆಯುವವರೆಗೆ ಕಟ್ಟೆಯ ಮೇಲೆ ಕಾಯುತ್ತಿದ್ದಳು, ಆಮೇಲೆ ತನ್ನ ಮನೆಯಲ್ಲಿ ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಎಳೆಯುತ್ತಿದ್ದಳು. ಅವಳನ್ನು ನೋಡಿ ಉಳಿದ ಮನೆಯವರು. ಪಾಪ, ಹೊಟ್ಟೆಕಿಚ್ಚು ಇದ್ದರೂ ದೊಡ್ಡವ್ವನನ್ನು ದಾಟುವ ಧೈರ್ಯ ಯಾರಿಗೂ ಇಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಇನ್ನು ನನ್ನ ವಿಷಯ. ಸಿಂಧನೂರಿನಲ್ಲಿ ಕಾಲುವೆ ನೀರು ಬಂದು ಅಕ್ಕಿ ಗಿರಣಿಗಳು ಹುಟ್ಟಿದಾಗ ನಮ್ಮಪ್ಪ ಅಲ್ಲಿ ಗುಮಾಸ್ತನಾಗಿ ಸೇರಿದ. ನಾನು ಹುಟ್ಟಿ ಬೆಳೆದದ್ದು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದದ್ದು ಎಲ್ಲ ಸಿಂಧನೂರಿನಲ್ಲಿ. ಹಳ್ಳದ ಓಣಿ ನನಗೆ ಶಾಲೆಯ ಸೂಟಿಯಲ್ಲಿ ಬಂದು ಹೋಗುವ ಊರು. ದೂರ ಇದ್ದವರಿಗೆ ಅಭಿಮಾನ ಜಾಸ್ತಿ ಎನ್ನುವುದಕ್ಕೆ ನಾನೇ ಸಾಕು. ನಿವೃತ್ತಳಾದ ವರ್ಷ ಓಣಿಯ ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, "ನೀ ಕಲ್ತಾಕಿ ಅದೀ. ಆ ಕಲ್ಲಿನ ಮ್ಯಾಲೆ ಮಂದಿ ಎಷ್ಟ್ ಪುಸ್ತಕ ಬರದಾರ. ನಮ್ಮ ಓಣಿದು ಒಂದ್ ಬರಿ," ಅಂದರು. ನಾನು ಒಂದು ನಿಮಿಷ ಕೂಡ ಯೋಚಿಸಲಿಲ್ಲ. ಇಷ್ಟು ವರ್ಷ ಹುಡುಗರ ಪ್ರಬಂಧ ತಿದ್ದಿ ತಿದ್ದಿ ನನ್ನ ಕೈ ಕಡಿಯುತ್ತಿತ್ತು.

ಅಳೆಯಲು ಹೋದ ದಿನ ನೆನೆದರೆ ಈಗ ನಗು ಬರುತ್ತದೆ, ಆಗ ತಲೆ ಚಿಟ್ಟು ಹಿಡಿದಿತ್ತು. ಬಟ್ಟೆ ಹೊಲಿಯುವ ಟೇಪು ಹಿಡಿದುಕೊಂಡು ಮನೆಮನೆಗೆ ಹೋದೆ. ಟೇಪು ಐದು ಅಡಿಗೆ ಮುಗಿಯಿತು, ನಮ್ಮ ಓಣಿಯ ನೀರು ಮುಗಿಯಲಿಲ್ಲ. ಸೀಮೆಸುಣ್ಣದ ಗುರುತು ಹಾಕಿ ಅದರ ಮೇಲೆ ಮತ್ತೆ ಟೇಪು ಹಿಡಿಯಬೇಕಾಯಿತು. ಒಬ್ಬಳು, "ಟೇಪಿನ ಬುಡ ಸ್ವಲ್ಪ ಮ್ಯಾಲ ಹಿಡಿದೀ ಬೇ, ಹೊಸ್ತಿಲ ಸವದೈತಿ, ಅದನ್ನೂ ಸೇರ್ಸು," ಅಂದಳು. ಮತ್ತೊಬ್ಬ, "ನಮ್ಮನಿಗೆ ಅಲಿ ಬಂದಿದ್ವುರಿ, ಅಲಿ ಲೆಕ್ಕ ಬ್ಯಾರೆ ಬರ್ಕೋರಿ," ಎಂದು ಅಲೆಗಳಿಗೆ ಬೇರೆ ಜಾಗ ಕೇಳಿದ. ನಾನು ಒಂದೂ ಬಿಡದೆ ಬರೆದುಕೊಂಡೆ.

ಸಿಂಧನೂರಿನ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಯಿತು. 'ನೀರು ಕಂಡ ಮನೆಗಳು' ಎಂಬ ಅಧ್ಯಾಯದಲ್ಲಿ ಒಂದೊಂದು ಮನೆಯನ್ನೂ ಅದರ ನೀರಿನ ಎತ್ತರವನ್ನೂ ಪಟ್ಟಿ ಮಾಡಿ ಹಾಕಿದ್ದೆ. ಗುಡಿಯ ಮುಂದೆ ಬಿಡುಗಡೆ, ಶಾಲು, ಮಂಡಕ್ಕಿ, ಮಿರ್ಚಿ ಎಲ್ಲ ಆಯಿತು. ಪ್ರತಿಯೊಬ್ಬರೂ ಪುಸ್ತಕದಲ್ಲಿ ತಮ್ಮ ಮನೆಯ ಸಾಲನ್ನು ಮಾತ್ರ ಓದಿ, ಆಮೇಲೆ ಪಕ್ಕದ ಮನೆಯ ಸಾಲನ್ನು ಓದಿ, ಪುಸ್ತಕ ಮುಚ್ಚಿಟ್ಟರು.

ಪೂರ್ತಿ ಓದಿದವರು ನನ್ನ ಗಂಡ ಒಬ್ಬರೇ. ದಢೇಸುಗೂರಿನವರು, ಕಾಲುವೆಯ ಮೇಲೆ ನೀರಿನ ಮಟ್ಟ ಓದಿ ಗೇಟು ಎತ್ತಿ ಇಳಿಸಿ ಆಯುಷ್ಯ ಕಳೆದವರು. ಪಟ್ಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಏನಾತ್ರಿ?" ಅಂದೆ.

"ಅಲ್ಲಲೇ, ಹಳ್ಳದ ಬಾಜೂ ಮನ್ಯಾಗ ಐದು ಅಡಿ ನೀರು. ಮ್ಯಾಲ ದಿಬ್ಬದ ಮ್ಯಾಲಿನ ಮನ್ಯಾಗ ಆರು ಅಡಿ. ನಿಮ್ಮ ಓಣ್ಯಾಗ ನೀರು ಮೆಟ್ಟಲ ಹತ್ತತೈತೇನ? ನೀರು ಅಂದ್ರ ಮಟ್ಟಕ್ಕ ನಿಲ್ಲಬೇಕಲ್ಲ."

ಅವತ್ತು ಅವರ ತಟ್ಟೆಗೆ ನಾನು ಶೇಂಗಾ ಚಟ್ನಿ ಹಾಕಲಿಲ್ಲ.

ಆಮೇಲೆ ಕೆಲವು ತಿಂಗಳು ಬಿಟ್ಟು ಒಬ್ಬ ಇಂಜಿನಿಯರ್ ನಮ್ಮ ಮನೆ ಹುಡುಕಿಕೊಂಡು ಬಂದ. ದಕ್ಷಿಣದ ಕಡೆಯ ಹುಡುಗ, ಮೆತ್ತನೆಯ ಮಾತು. ಕೈಯಲ್ಲಿ ನನ್ನ ಪುಸ್ತಕ, ಪುಟಪುಟಕ್ಕೆ ಬಣ್ಣದ ಚೀಟಿ. ನನಗೆ ಹಿಗ್ಗು ತಡೆಯಲಾಗಲಿಲ್ಲ, ಚಹಾದ ಜೊತೆ ಕರದಂಟು ಇಟ್ಟೆ. "ಮೇಡಂ, ನಿಮ್ಮಿಂದ ನಮ್ಮ ಅರ್ಧ ಕೆಲಸ ಆಯ್ತು," ಅಂದ. ಏನು ಕೆಲಸಪ್ಪಾ ಎಂದು ಕೇಳಿದೆ. ಹಳ್ಳದ ದಂಡೆಗೆ ಗಟ್ಟಿ ಗೋಡೆ ಕಟ್ಟುವ ಯೋಜನೆ ಇದೆ, ಎದೆ ಮಟ್ಟಕ್ಕಿಂತ ಹೆಚ್ಚು ನೀರು ಬಂದಿದ್ದ ಮನೆಗಳು ಗೋಡೆ ಇದ್ದರೂ ಅಪಾಯವೇ, ಅವರಿಗೆಲ್ಲ ಲಿಂಗಸುಗೂರು ರಸ್ತೆಯ ಕಡೆ ಬೇರೆ ಜಾಗ ಕೊಟ್ಟು ಈ ಮನೆಗಳನ್ನು ತೆಗೆಯಬೇಕು ಎಂದು ವಿವರಿಸಿದ.

"ಎಷ್ಟು ಮನೆ ಹೋಗುತ್ತವೆ?" ಅಂದೆ.

ಅವನು ನನ್ನ ಪಟ್ಟಿಯ ಪುಟ ತೆಗೆದು ಬೆರಳಿನಿಂದ ಮೇಲಿಂದ ಕೆಳಗೆ ಎಳೆದ. "ನಿಮ್ಮ ಪ್ರಕಾರ ಎಲ್ಲವೂ, ಮೇಡಂ."

ನನ್ನ ಓಣಿಯನ್ನು ಊರಿಗೆ ತೋರಿಸಲು ಹೋಗಿ ಅದನ್ನು ಊರಿನಿಂದಲೇ ಕಿತ್ತುಹಾಕಲು ದಾಖಲೆ ಬರೆದುಕೊಟ್ಟಿದ್ದೆ. ಪುಸ್ತಕದ ಮೇಲೆಯೇ ನಿರ್ಧಾರ ಮಾಡಬೇಡಪ್ಪಾ, ಒಮ್ಮೆ ಬಂದು ಗೋಡೆ ನೋಡು ಎಂದು ಗೋಗರೆದೆ. ಹದಿನೈದು ದಿನ ಬಿಟ್ಟು ಬರುತ್ತೇನೆ, ಪ್ರತಿ ಮನೆಯ ಹಿರಿಯರನ್ನೂ ಕೇಳಿ ಬರೆದುಕೊಳ್ಳುತ್ತೇನೆ ಎಂದು ಹೇಳಿ ಹೋದ. ಕರದಂಟು ಚೆನ್ನಾಗಿತ್ತು ಎಂದೂ ಹೇಳಿದ.

ಮರುದಿನವೇ ಮಸ್ಕಿಗೆ ಓಡಿದೆ. ಗುಡಿಯ ಕಟ್ಟೆಯ ಮೇಲೆ ಸುದ್ದಿ ಹೇಳಿದರೆ ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. "ಬರಿ ಅಂದ್ರ ಅಳತಿ ಯಾಕ್ ಬರದಿ?" "ನಿನಗ್ಯಾರ ಟೇಪ್ ಹಿಡಿ ಅಂದಿದ್ರು?" ಅಲೆಗಳಿಗೆ ಬೇರೆ ಜಾಗ ಕೇಳಿದ್ದವನೇ ಎದ್ದು ನಿಂತು, "ನಾ ಆಗಿಂದ್ಲೂ ಹೇಳಾಕತ್ತೀನಿ, ನಮ್ಮನಿಗೆ ನೀರ ಬಂದಿಲ್ಲ ಅಂತ," ಅಂದ. ಅವನ ಮುಖದಲ್ಲಿ ಒಂದಿಷ್ಟೂ ನಾಚಿಕೆ ಕಾಣಲಿಲ್ಲ. ನನಗೆ ರೇಗಿ, "ಹಂಗಾರ ಅಲಿ ಎಲ್ಲಿಂದ ಬಂದ್ವೋ ಮಾರಾಯಾ?" ಎಂದು ಕೂಗಿದೆ.

ಅದೇ ವಾರ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಇಡೀ ಓಣಿ ಸುಣ್ಣ ಹಚ್ಚಿಕೊಂಡಿತು. ಅರವತ್ತು ವರ್ಷ ಏರಿದ್ದ ನೀರು ಒಂದು ಮಧ್ಯಾಹ್ನದಲ್ಲಿ ಇಳಿಯಿತು. ಒಬ್ಬರ ಮನೆಯಲ್ಲಿ ಹಿಮ್ಮಡಿಗೆ, ಮತ್ತೊಬ್ಬರ ಮನೆಯಲ್ಲಿ ಹೊಸ್ತಿಲಿಗೆ. ಅಂಗಡಿಯವನು ಷಟರ್ ಪೂರ್ತಿ ತೊಳೆದು ಮೆಟ್ಟಿಲ ಕೆಳಗೆ ಒಂದು ಗೀರು ಹಾಕಿದ. ಬಾಡಿಗೆಯವರು ಗೆರೆಯನ್ನೇ ಅಳಿಸಿ, ಬಾಗಿಲಲ್ಲಿ ನಿಂತು, "ನಾವು ಆಗ ಇಲ್ಲಿ ಇರಲೇ ಇಲ್ಲ ಕದಂಡಿ," ಅಂದರು.

ನನ್ನ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಓಣಿಯ ಉದ್ದಕ್ಕೂ ನಡೆದು ಬಂದು ಹಣೆ ಚಚ್ಚಿಕೊಂಡರು. "ಇಷ್ಟ ಇಳಿಸಿದ್ರ ಹೆಂಗ? ನೀರ ಬಂದಿಲ್ಲ ಅಂದ್ರ ಗ್ವಾಡಿ ಯಾಕ ಕಟ್ತಾರ? ನಿಮಗ ಗ್ವಾಡಿ ಬೇಕೋ ಬ್ಯಾಡೋ?" ಗೋಡೆ ಬೇಕು ಎಂದು ಎಲ್ಲರೂ ಕೂಗಿದರು. ಹಾಗಾದರೆ ಗೋಡೆ ಕಟ್ಟಿಸುವಷ್ಟು ನೀರು ಬಂದಿರಬೇಕು, ಮನೆ ಬಿಡಿಸುವಷ್ಟು ಬಂದಿರಬಾರದು. ಎಷ್ಟು ನೀರು ಬಂದಿತ್ತು ಎಂದು ತೀರ್ಮಾನಿಸಲು ಹಿರಿಯರು ಒಂದು ಗಂಟೆ ಚರ್ಚೆ ಮಾಡಿದರು. ಕಡೆಗೆ ಹಳ್ಳದ ಕಡೆಯ ಮನೆಗಳಲ್ಲಿ ಮೊಣಕಾಲಿನವರೆಗೆ ಎಂದು ಕೈಯೆತ್ತಿ ಮಂಜೂರು ಮಾಡಿದರು. ನನ್ನ ಗಂಡ ಗಾರೆ ಕೆಲಸದ ಗೌಂಡಿಗಳು ಇಟ್ಟುಕೊಳ್ಳುವ ಮಟ್ಟದ ಪೈಪು ತಂದು, ಅದರಲ್ಲಿ ನೀರು ತುಂಬಿಸಿ, ಒಂದು ತುದಿ ಈ ಮನೆಗೆ, ಇನ್ನೊಂದು ತುದಿ ಆ ಮನೆಗೆ ಹಿಡಿದು, ಓಣಿಯ ಸುಳ್ಳನ್ನೆಲ್ಲ ಒಂದೇ ಮಟ್ಟಕ್ಕೆ ತಂದರು. ಆಯುಷ್ಯದಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ ಎಂದು ಅವರಿಗೆ ಹೆಮ್ಮೆ.

ಉಳಿದದ್ದು ದೊಡ್ಡವ್ವನ ಮನೆ ಒಂದೇ. ಅಲ್ಲಿ ಸುಣ್ಣ ಹಚ್ಚಲು ಅವಳು ಬಿಟ್ಟಿರಲಿಲ್ಲ. ತೊಲೆಯ ಹತ್ತಿರದ ಕೆಂಪು ಗೆರೆ ಹಾಗೆಯೇ ಎದ್ದು ಕಾಣುತ್ತಿತ್ತು. ನಾನು ಒಳಗೆ ಹೋದಾಗ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ದೊಡ್ಡವ್ವ, ಗೆರಿ ಇಳಸಬೇಕ. ಇಲ್ಲಂದ್ರ ಮನಿ ಹೋಗತೈತಿ."

"ಹೋಗ್ಲಿ."

"ನಿಂದೊಂದ ಅಲ್ಲ, ನಿನ್ನ ಗೆರಿ ನೋಡಿ ಎಲ್ಲಾರ ಗೆರಿನೂ ಸುಳ್ಳ ಅಂತ ಗೊತ್ತಾಕ್ಕೈತಿ. ಓಣಿಗೆ ಓಣಿನ ಹೋಗತೈತಿ."

ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ. "ನನ್ನ ಗೆರಿ ಮುಟ್ಟಿದ್ರ ಕೈ ಮುರೀತೀನಿ. ನಿನ್ನ ಗಂಡಗೂ ಹೇಳು."

ಮಗ ಬೈದ, ಸೊಸೆ ಅತ್ತಳು, ಹಿರಿಯರು ಬಂದು ಕೈಮುಗಿದರು. ಆಸಾಮಿ ಜಗ್ಗಲಿಲ್ಲ. ನನಗೆ ಸಿಟ್ಟು ತಡೆಯದೆ ಹೊರಗೆ ಬಂದು, ಎಂಬತ್ತು ವರ್ಷವಾದರೂ ಜಂಬ ಬಿಡಲಿಲ್ಲ, ಒಂದು ಗೆರೆಗಾಗಿ ಓಣಿಯನ್ನು ಮುಳುಗಿಸುತ್ತಿದ್ದಾಳೆ ಎಂದು ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಅಂದುಬಿಟ್ಟೆ. ಎದುರುಮನೆಯ ಅತ್ತಿ ತನ್ನ ಕಟ್ಟೆಯಿಂದ ಕೇಳಿಸಿಕೊಂಡಳು. ನಾನು ದೊಡ್ಡವ್ವನನ್ನು ಬೈದರೆ ಅವಳಿಗೆ ಹಬ್ಬವಾಗುತ್ತದೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು ದರದರ ತನ್ನ ಮನೆಯೊಳಗೆ ಎಳೆದುಕೊಂಡು ಹೋದಳು.

"ಬಾಯಿ ಮುಚ್ಚು ಬೇ. ನಿನಗ ಮನ್ಯಾಗ ಯಾರೂ ಹೇಳಿಲ್ಲೇನ?"

"ಏನ್ ಹೇಳಬೇಕಿತ್ತು?"

"ಆಕಿಗೆ ಮದಲ ಒಂದು ಹೆಣ್ಣ ಕೂಸಿತ್ತು. ಎರಡು ವರ್ಸದ್ದು. ಹಳ್ಳ ಬಂದ ದಿನ ನಿಮ್ಮ ದೊಡ್ಡಪ್ಪ ಊರಾಗ ಇರಲಿಲ್ಲ. ಮನ್ಯಾಗ ಮಣಕಾಲ ಮಟ ನೀರು. ಇವತ್ತ ನೀವು ಕೈ ಎತ್ತಿ ಮಂಜೂರ ಮಾಡಿದ್ರಲ್ಲ, ಖರೇನೂ ಅಷ್ಟ ಬಂದಿತ್ತು. ಆಕಿ ಕೂಸನ್ನ ಹೊರಸಿನ ಮಂಚದ ಮ್ಯಾಲೆ ಕುಂದ್ರಿಸಿ ಬಿತ್ತೋ ಜ್ವಾಳ ಅಟ್ಟಕ್ಕ ಏರಿಸಾಕತ್ತಿದ್ಲು. ಹೊಳ್ಳಿ ನೋಡಿದ್ರ ಹೊರಸಿನ ಮ್ಯಾಲೆ ಕೂಸಿಲ್ಲ."

ನಾನು ಬಾಗಿಲಾಚೆ ದೊಡ್ಡವ್ವನ ತೊಲೆಯ ಗೆರೆಯ ಕಡೆ ನೋಡಿದೆ.

"ಮಣಕಾಲ ನೀರಾಗ ಕೂಸು ಕಳಕೊಂಡಾಳ ಅಂತ ಮಂದಿ ಆಡ್ಕೊಳ್ಳಾಕ ಹತ್ತಿದ್ರು. ಮರು ವರ್ಸ ಸುಣ್ಣ ಹಚ್ಚಿದಾಗ ಆಕಿ ಗೆರಿ ಸೊಂಟದ ಮಟ ಎಳದ್ಲು. ನಮ್ಮತ್ತಿ, ನನ್ನ ಗಂಡನ ಅವ್ವ, ಇಲ್ಲಿ ಕಟ್ಟಿ ಮ್ಯಾಲೆ ಕುಂತು ನೋಡಿದ್ಲು. ಒಳಗ ಬಂದು ನಮ್ಮನಿ ಗೆರಿನೂ ಏರಿಸಿದ್ಲು. ಆಮ್ಯಾಲೆ ಓಣಿಯವರೆಲ್ಲ ಏರಿಸಿದ್ರು. ನಮ್ಮನ್ಯಾಗ ಮಣಕಾಲ ಮಟ ಇದ್ರ ಆಕಿ ಮನ್ಯಾಗಿಂದು ಯಾರ್ ನಂಬ್ತಾರ ಹೇಳು? ನಾ ಮದಿವ್ಯಾಗಿ ಬಂದಾಗ ನಮ್ಮತ್ತಿ ನನಗ ಇದನ್ನೆಲ್ಲ ಹೇಳಿ ಕಡೀಕ ಅಂದದ್ದು ಇಷ್ಟ. ಆಕಿ ಎಳೆಯೋಮಟ ಕಾಯಬೇಕು, ಆಕಿಗಿಂತ ನಾಕು ಬೆರಳು ಕೆಳಗ ಎಳೀಬೇಕು. ಆಕಿ ಮನ್ಯಾಗ ನೀರು ಎಲ್ಲಾರಿಗಿಂತ ಹೆಚ್ಚಿಗಿ ಇರಬೇಕಲ್ಲ ಬೇ."

ಆಮೇಲೆ ಓಣಿಗೆ ಬಂದ ಸೊಸೆಯಂದಿರಿಗೆ, ಅವರ ಸೊಸೆಯಂದಿರಿಗೆ ಗೆರೆ ಮಾತ್ರ ಉಳಿಯಿತು, ಕಾರಣ ಉಳಿಯಲಿಲ್ಲ. ಅವರು ನಿಜವಾಗಿಯೂ ಜಂಬಕ್ಕೆ ಏರಿಸಿದರು. ನಾನು ಪುಸ್ತಕ ಬರೆಯುವಾಗ ಎಲ್ಲರ ಮನೆಗೂ ಹೋಗಿದ್ದೆ, ಟೇಪು ಹಿಡಿದಿದ್ದೆ, ಅಲೆಗಳನ್ನು ಕೂಡ ಬರೆದುಕೊಂಡಿದ್ದೆ. ಯಾಕೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ದೊಡ್ಡವ್ವನ ಗೆರೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಇಂಜಿನಿಯರ್ ಬಂದಾಗ ನಾನೇ ಏನಾದರೂ ಹೇಳಿ ಸಂಭಾಳಿಸುತ್ತೇನೆ ಎಂದು ಹಿರಿಯರಿಗೆ ಮಾತು ಕೊಟ್ಟೆ. ಏನು ಹೇಳುವುದೆಂದು ನನಗೇ ಗೊತ್ತಿರಲಿಲ್ಲ.

ಅವನು ಬೆಳಿಗ್ಗೆ ಹನ್ನೊಂದಕ್ಕೆ ಬಂದ. ಓಣಿಯ ಬಾಯಿಯಲ್ಲಿ ನಿಂತು ಒಮ್ಮೆ ನೋಡಿ, ಒಂದು ಗೋಡೆ ಮುಟ್ಟಿ, ಬೆರಳು ನೋಡಿಕೊಂಡ. ಬೆರಳು ಬೆಳ್ಳಗಾಗಿತ್ತು. "ಹಬ್ಬ ಏನಾದ್ರೂ ಇದೆಯಾ?" ಎಂದು ಕೇಳಿದ. ಇದೆ ಎಂದು ನಾಲ್ವರು, ಇಲ್ಲ ಎಂದು ನಾಲ್ವರು ಒಟ್ಟಿಗೆ ಹೇಳಿದರು. ಮನೆಮನೆಗೂ ಹೋಗಿ ತನ್ನ ಯಂತ್ರ ಇಟ್ಟು ನೋಡಿದ. ಗೆರೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನ್ನ ಗಂಡ ಹಿಂದೆ ಹಿಂದೆ ಎದೆ ಉಬ್ಬಿಸಿಕೊಂಡು ನಡೆದರು. ಪುಸ್ತಕಕ್ಕೂ ಗೋಡೆಗೂ ಇಷ್ಟು ವ್ಯತ್ಯಾಸ ಯಾಕೆ ಎಂದು ಅವನು ಕೇಳಿದ್ದಕ್ಕೆ, ಪ್ರೆಸ್ಸಿನವರ ತಪ್ಪು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡವ್ವನ ಮನೆ ಬಂತು.

ಅವನು ಕತ್ತೆತ್ತಿ ತೊಲೆಯ ಗೆರೆ ನೋಡಿದ. ಎದುರುಮನೆಯ ಗೆರೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಇದರಲ್ಲಿ ಯಾವುದು ನಿಜ ಮೇಡಂ? ಇದು ನಿಜವಾದ್ರೆ ಉಳಿದದ್ದೆಲ್ಲ ಸುಳ್ಳು."

ಓಣಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ದನಿ ಇಳಿಸಿ, "ವಯಸ್ಸಾಗೈತ್ರಿ ಅವರಿಗೆ. ಮರವು. ಏನೇನೋ ಎಳೀತಾರ, ಲೆಕ್ಕಕ್ಕ ತಗೋಬ್ಯಾಡ್ರಿ," ಅಂದೆ. ಒಳ್ಳೆಯದಕ್ಕೇ ಅಂದೆ. ಅವಳ ಗುಟ್ಟು ಉಳಿಯಲಿ, ಓಣಿಯೂ ಉಳಿಯಲಿ ಎಂದು ಅಂದೆ. ಆದರೆ ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ನೋಡಿರಲಿಲ್ಲ.

"ನನಗ್ಯಾವ ಮರವೂ ಇಲ್ಲಪ್ಪಾ," ಅಂದಳು. ಹೊಸ್ತಿಲು ದಾಟಿ ಹೊರಗೆ ಬಂದು, ಸೀರೆಯ ಮೇಲಿಂದಲೇ ಮೊಣಕಾಲಿನ ಮೇಲೆ ಅಂಗೈ ಇಟ್ಟು ತೋರಿಸಿದಳು. "ಇಲ್ಲೀಮಟ ಬಂದಿತ್ತು. ಬರಕೋ. ಮ್ಯಾಲಿಂದು ನಾ ಎಳದಿದ್ದು. ಸುಳ್ಳ ಅದು."

ಎದುರುಮನೆಯ ಅತ್ತಿ ಕಟ್ಟೆಯಿಂದ ಎದ್ದೇ ಬಂದಳು. "ಏ, ಎಲ್ಲಿ ಮಣಕಾಲ ಬೇ? ಸೊಂಟದ ಮಟ ಇತ್ರಿ. ನಾ ಹೇಳಾಕತ್ತೀನಿ, ಸೊಂಟಕ್ಕಿಂತ ಮ್ಯಾಲ ಇತ್ತು. ಕುತ್ತಿಗಿ ಮಟ ಬರಕೋರಿ!"

ಹಿರಿಯರು ತಲೆ ಮೇಲೆ ಕೈ ಹೊತ್ತರು. ತನ್ನ ಮನೆ ಹೋಗುತ್ತದೆ, ಓಣಿ ಹೋಗುತ್ತದೆ ಎಂಬುದು ಅತ್ತಿಗೆ ಆಗ ನೆನಪೇ ಇರಲಿಲ್ಲ. ದೊಡ್ಡವ್ವ ಅವಳ ಕಡೆ ತಿರುಗಿ, "ಸುಮ್ನಿರಲೇ. ಆ ಹುಡುಗ ಬರಕೊಳ್ಳಾಕತ್ಯಾನ," ಎಂದು ಗದರಿದಳು.

ಅವನು ಮೊಣಕಾಲು ಎಂದು ಬರೆದ. ಓಣಿ ಉಳಿಯಿತು. ಹಾಗಾದರೆ ಅಷ್ಟು ಮೇಲೆ ಯಾಕೆ ಎಳೆದಿರಿ ಎಂದು ಅವನು ಸುಮ್ಮನೆ, ಕೆಲಸ ಮುಗಿಸುವವನ ಹಾಗೆ ಕೇಳಿದ. ನಾನು ಅಡ್ಡ ಹೋದೆ. ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ನಿನಗ ಮಣಕಾಲ ಮಟ, ನನಗ ಮಣಕಾಲ ಮಟ. ಬಿದ್ದಾಕಿಗೆ ತಲಿ ಮ್ಯಾಲೆ ಇತ್ತಪ್ಪಾ. ಎರಡು ವರ್ಸದಾಕಿ. ನನ್ನ ಮಗಳು. ಆಕಿದೂ ಬರಕೋ."

ಅವನು ತನ್ನ ಹಾಳೆಯನ್ನು ನೋಡಿದ. ಮನೆ ನಂಬರಿಗೆ ಜಾಗ ಇತ್ತು, ನೀರಿನ ಎತ್ತರಕ್ಕೆ ಜಾಗ ಇತ್ತು, ಇದಕ್ಕೆ ಇರಲಿಲ್ಲ. ಹಾಳೆ ತಿರುಗಿಸಿ ಹಿಂದಿನ ಖಾಲಿ ಬದಿಯಲ್ಲಿ ಪೆನ್ನು ಇಟ್ಟ.

"ಹೆಸರು ಅಮ್ಮಾ?"

ಅರವತ್ತು ವರ್ಷ ಆ ಮನೆಯಲ್ಲಿ ಯಾರೂ ಅನ್ನದ ಹೆಸರು ಅದು. ಮಗನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಇಲ್ಲಿಯೂ ನಾನು ಬರೆಯುವುದಿಲ್ಲ, ಅದು ಆ ಹಾಳೆಯಲ್ಲಿದೆ. ದೊಡ್ಡವ್ವ ಒಂದು ಸಲ ಮೆಲ್ಲಗೆ ಹೇಳಿದಳು, ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ, ಬೀದಿಯಲ್ಲಿ ಆಡುತ್ತಿರುವ ಕೂಸನ್ನು ಉಣ್ಣಲು ಕರೆಯುವ ಹಾಗೆ, ಓಣಿಯ ಆ ತುದಿಯವರೆಗೆ ಕೇಳುವಂತೆ ಕೂಗಿ ಹೇಳಿದಳು.